ಡೆನ್ನಿಸ್ ರಿಚಿ

ಸಿ ಭಾಷೆಯ ಕರ್ತೃ ಡೆನ್ನಿಸ್ ರಿಚಿಯವರು 1941ರ ಸೆಪ್ಟೆಂಬರ್ 9ರಂದು ಅಮೆರಿಕದ ಬ್ರಾಂಕ್ಸ್‌ವಿಲ್‌ನಲ್ಲಿ ಜನಿಸಿದರು. ತಂದೆ ಬೆಲ್ ಪ್ರಯೋಗಾಲಯದ ವಿಜ್ಞಾನಿ. ಹಾರ್ವರ್ಡಿನಲ್ಲಿ ವ್ಯಾಸಂಗ ಮಾಡಿ 1967ರಲ್ಲಿ ಮಗನೂ ಅಲ್ಲಿಗೇ ಸೇರಿದರು. ಕೆನ್ ಥಾಂಪ್ಸನ್ನರೊಡನೆ ಯುನಿಕ್ಸ್ ವ್ಯವಸ್ಥೆಯನ್ನು ಬೆಳೆಸುತ್ತಿದ್ದಾಗ ದೊರೆತ ಮೊದಲ ಪಿಡಿಪಿ-11 ಗಣಕಯಂತ್ರದ ಸ್ಮೃತಿಕೋಶ ಕೇವಲ 24 ಕಿಲೋಬೈಟ್. ಅಂಥ ಬಡತನದ ದಿನಗಳಲ್ಲಿ, 1971-73ರ ಅವಧಿಯಲ್ಲಿ, ಈ ಭಾಷೆ ರೂಪುಗೊಂಡಿತು.

ಅದರ ಸ್ವಭಾವಕ್ಕೆ ಒಂದು ನಿದರ್ಶನ ಸಾಕು. ಆಜ್ಞೆಯೊಡನೆ ನಾವು ಬರೆದ ಪದಗಳ ಎಣಿಕೆಯೂ ಅವುಗಳ ವಿಳಾಸಪಟ್ಟಿಯೂ ಪ್ರೋಗ್ರಾಮಿನ ಕೈಸೇರುತ್ತವೆ. ಪಟ್ಟಿಯ ತುದಿಯಲ್ಲಿ ಶೂನ್ಯ ವಿಳಾಸವಿರುತ್ತದೆ. ಅಂಥ ಪಟ್ಟಿಯನ್ನು ತಾನೇ ಕಟ್ಟಹೊರಟವನಿಗಾದರೋ ಭಾಷೆ ತಾನಾಗಿ ಏನನ್ನೂ ಮಾಡಿಕೊಡದು. ಮ್ಯಾಲಕ್‌ನಿಂದ ಸ್ಥಳ ಪಡೆಯಬೇಕು. ಸಾಲದಾದಾಗ ರಿಯಾಲಕ್‌ನಿಂದ ಹಿಗ್ಗಿಸಬೇಕು. ಶೂನ್ಯಕ್ಕೊಂದು ಮನೆ ಮೀಸಲಿಡಬೇಕು. ಕೊನೆಗೆ ಪದಗಳನ್ನು ಒಂದೊಂದಾಗಿ ಬಿಡುಗಡೆ ಮಾಡಿ, ಬಳಿಕವೇ ಪಟ್ಟಿಯನ್ನು ಬಿಡಬೇಕು. ಪಟ್ಟಿಯನ್ನೇ ಮೊದಲು ಬಿಟ್ಟರೆ ಪದಗಳ ವಿಳಾಸ ಹೇಳುವವರಾರು? ಇದನ್ನು ದೋಷವೆನ್ನುವವರುಂಟು, ಅದರಿಂದಾದ ಹಾನಿಯೂ ಅಲ್ಪವಲ್ಲ. ಆದರೆ ಸ್ಮೃತಿಯ ಲೆಕ್ಕವನ್ನು ಮನುಷ್ಯನಿಗೇ ಒಪ್ಪಿಸಿದ ಮಿತವ್ಯಯದಿಂದಲೇ 1973ರಲ್ಲಿ ಯುನಿಕ್ಸಿನ ತಿರುಳನ್ನು ಸಿ ಭಾಷೆಯಲ್ಲಿ ಪುನಃ ಬರೆಯುವುದು ಸಾಧ್ಯವಾಯಿತೆಂದು ನಾವು ಭಾವಿಸುತ್ತೇವೆ.

1978ರಲ್ಲಿ ಬ್ರಯನ್ ಕರ್ನಿಹನ್ನರೊಡನೆ ಬರೆದ ಗ್ರಂಥವೂ 1983ರ ಟ್ಯೂರಿಂಗ್ ಪ್ರಶಸ್ತಿಯೂ ಅವರಿಗೆ ಕೀರ್ತಿ ತಂದವು. 2007ರಲ್ಲಿ ನಿವೃತ್ತರಾದ ರಿಚಿಯವರು, 2011ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ತಮ್ಮ ಮನೆಯಲ್ಲಿ ಏಕಾಂಗಿಯಾಗಿದ್ದಾಗ ನಿಧನರಾದರು.