ಕೀರ್ತಿಶೇಷೆ ಸೌಂದರ್ಯ

ನಮ್ಮ ಕಲಬುರಗಿಯ ಕೋಟೆಯ ಬುರುಜಿನ ಮೇಲೆ ನಿಂತವರಿಗೆ ಆಕಾಶದಲ್ಲಿ ವಿಮಾನ ಕಾಣುವುದು ಈಗ ಸೋಜಿಗವಲ್ಲ. 2019ನೆಯ ಇಸವಿ ನವೆಂಬರ್ 22ರಂದು ಈ ನಗರಕ್ಕೂ ವಿಮಾನ ನಿಲ್ದಾಣ ಪ್ರಾಪ್ತವಾಯಿತು. ಆ ಸದ್ದು ಕಿವಿಗೆ ಬಿದ್ದಾಗಲೆಲ್ಲ ನಮಗೆ ನಟಿ ಸೌಂದರ್ಯರವರ ನೆನಪಾಗುತ್ತದೆ.

ಕೋಲಾರ ಜಿಲ್ಲೆಯ ಮುಳಬಾಗಿಲು ಸೀಮೆಯ ಮನೆತನದವರಾದ ಈಕೆಯ ತಂದೆ ಚಿತ್ರಸಾಹಿತಿಗಳೂ ನಿರ್ಮಾಪಕರೂ ಆಗಿದ್ದರು. ವೈದ್ಯಶಿಕ್ಷಣವನ್ನು ಆರಂಭದಲ್ಲಿಯೇ ಬಿಟ್ಟು, 1992ರಲ್ಲಿ ಗಂಧರ್ವ ಚಿತ್ರದ ಮೂಲಕ ಬೆಳ್ಳಿತೆರೆಗೆ ಬಂದರು. ಬಳಿಕ ತೆಲುಗು ದೇಶವು ಅವರನ್ನು ಮನೆಮಗಳಂತೆ ಬರಮಾಡಿಕೊಂಡಿತು. 1995ರ ಅಮ್ಮೋರು ಅಲ್ಲಿ ಅವರ ಹೆಸರನ್ನು ನೆಲೆಗೊಳಿಸಿತು. 1999ರ ಸೂರ್ಯವಂಶಂ ಹಿಂದಿಯವರಿಗೂ ಪರಿಚಯಿಸಿತು. ಕನ್ನಡವೂ ತೆಲುಗೂ ಬೆರೆತ ನಮ್ಮ ಗಡಿನಾಡಿನವರು ಈ ಏಳಿಗೆಯನ್ನು ಎರಡು ಭಾಷೆಗಳಲ್ಲಿಯೂ ಕಂಡವರು.

ಆದರೆ ನಾವು ಅವರನ್ನು ಗೌರವಿಸುವುದು ಮತ್ತೊಂದು ಕಾರಣಕ್ಕೆ. ಪರಭಾಷೆಯಲ್ಲಿ ಹಣವನ್ನೂ ಹೆಸರನ್ನೂ ಗಳಿಸಿದ ಈಕೆ, ಲಾಭದ ಭರವಸೆಯಿಲ್ಲದ ಕನ್ನಡ ಚಿತ್ರವೊಂದಕ್ಕೆ ತಾವೇ ನಿರ್ಮಾಪಕಿಯಾದರು. ನಾ. ಡಿಸೋಜರವರ ಕಾದಂಬರಿಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ ದ್ವೀಪವು 2001ನೆಯ ಸಾಲಿನ ಶ್ರೇಷ್ಠ ಚಿತ್ರವೆಂದು ರಾಷ್ಟ್ರದ ಸ್ವರ್ಣಕಮಲವನ್ನು ಪಡೆಯಿತು. ಅಣೆಕಟ್ಟಿನ ಹಿನ್ನೀರು ಅಂಗಳಕ್ಕೆ ಏರಿಬರುತ್ತಿರುವಾಗ ತನ್ನ ದುಡಿಮೆಯಿಂದ ಸಂಸಾರವನ್ನು ಉಳಿಸುವ ನಾಗಿಯ ಪಾತ್ರವನ್ನು ಅವರು ಧರಿಸಿದ್ದರು. ಆ ದುಡಿಮೆಯ ಪುಣ್ಯವೆಲ್ಲ ಕಡೆಗೆ ದೈವದ ಲೆಕ್ಕಕ್ಕೆ ಸೇರುವುದೇ ಕಥೆಯ ವಿಷಾದ.

2004ನೆಯ ಇಸವಿ ಏಪ್ರಿಲ್ 17ರ ಶನಿವಾರ, ಚುನಾವಣಾ ಪ್ರಚಾರಕ್ಕಾಗಿ ಕರೀಂನಗರಕ್ಕೆ ಹೊರಟ ಅವರು ಬೆಂಗಳೂರಿನ ಜಕ್ಕೂರು ಮೈದಾನದಲ್ಲಿ ಒಂಟಿ ಎಂಜಿನ್ನಿನ ಸೆಸ್ನಾ ವಿಮಾನವನ್ನೇರಿದರು. ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಅದು ಸಮೀಪದ ಕೃಷಿ ವಿಶ್ವವಿದ್ಯಾನಿಲಯದ ಆವರಣದಲ್ಲಿ ಬಿದ್ದು ಉರಿದುಹೋಯಿತು. ಸಹೋದರನೂ ವಿಮಾನ ಚಾಲಕನೂ ಸೇರಿ ನಾಲ್ವರೂ ಮೃತರಾದರು. ವಿಮಾನಕ್ಕೆ ಮೇಲೇರುವ ಗಳಿಗೆಯೇ ಕಠಿಣವಾದುದು. ಸಾಕಷ್ಟು ವೇಗವೂ ಎತ್ತರವೂ ಇನ್ನೂ ಕೂಡಿರುವುದಿಲ್ಲವಾದುದರಿಂದ, ತಪ್ಪನ್ನು ತಿದ್ದಿಕೊಳ್ಳಲು ಅವಕಾಶವಿರುವುದಿಲ್ಲ.

ಅವರು ನಟಿಸಿದ್ದ ಆಪ್ತಮಿತ್ರ ಅದೇ ವರ್ಷ, ಮರಣಾನಂತರ ತೆರೆಕಂಡು ಜಯಭೇರಿ ಹೊಡೆಯಿತು. ನಿರ್ಮಾಪಕಿಯಾಗಿ ಎರಡನೆಯ ಚಿತ್ರ ಮಾತ್ರ ಬರಲಿಲ್ಲ. ನಾಡು ಅವರ ರೂಪವನ್ನು ಸ್ಮರಿಸುತ್ತದೆ, ದುರ್ಮರಣಕ್ಕೆ ಮರುಗುತ್ತದೆ. ಅವರ ದುಡಿಮೆಯನ್ನು ಮರೆಯುತ್ತದೆ. ನಾಗಿಗೆ ಸಂದ ಅನ್ಯಾಯವು ನಾಗಿಯಾದವಳಿಗೂ ಸಲ್ಲಬಾರದು. ವಾಚಕರು ದ್ವೀಪವನ್ನು ಮತ್ತೊಮ್ಮೆ ನೋಡಲಿ. ಅದಕ್ಕಿಂತ ಮಿಗಿಲಾದ ಶ್ರದ್ಧಾಂಜಲಿಯನ್ನು ನಾವು ಕಾಣೆವು.