ಕೊಡಗಿನ ಗೌರಮ್ಮನವರ ಜೀವಿತ

ಈ ಸ್ಮರಣ ಸಂಚಿಕೆಯು ನಮ್ಮ ಶಾಲೆಯ ಹಿಂದಣ ವಿದ್ಯಾರ್ಥಿನಿಯರ ಸಮ್ಮಿಲನದ ನಿಮಿತ್ತವಾಗಿ ಹೊರಡುತ್ತಲಿದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಊರುಗಳಿಂದ ಬಂದು ಒಂದೇ ಬೆಂಚಿನ ಮೇಲೆ ಕುಳಿತು ಓದಿದವರು ಬಹುಕಾಲದ ಮೇಲೆ ಒಂದೆಡೆ ಸೇರುವರು. ಆ ದಿನ ಹಳೆಯ ಹಾಜರಿ ಪುಸ್ತಕದಿಂದ ಹೆಸರುಗಳನ್ನು ಕೂಗಬೇಕೆಂದೂ, ಅಗಲಿದವರ ಹೆಸರು ಬಂದಾಗ ತರಗತಿಯವರೆಲ್ಲರೂ ಎದ್ದು ನಿಲ್ಲಬೇಕೆಂದೂ ಗೊತ್ತುಮಾಡಲಾಗಿದೆ. ಅಗಲಿದವರು ಯಾರು ಯಾರೆಂಬುದನ್ನು ತಿಳಿಯಹೊರಟಾಗ ಒಂದು ತೊಡಕು ಎದುರಾಯಿತು. ದಾಖಲಾತಿ ಪುಸ್ತಕದಲ್ಲಿ ಹುಡುಗಿಯ ಹೆಸರು, ತಂದೆಯ ಹೆಸರು, ಊರು, ಹುಟ್ಟಿದ ತಾರೀಖು, ಶಾಲೆಯನ್ನು ಬಿಟ್ಟ ತಾರೀಖು ಇವಿಷ್ಟೇ ಇರುವುವು. ಆಕೆಯು ಮುಂದೆ ಯಾವ ಊರಿಗೆ ಸೊಸೆಯಾಗಿ ಹೋದಳು, ಅಲ್ಲಿ ಯಾವ ಹೆಸರಿನಿಂದ ಕರೆಯಲ್ಪಟ್ಟಳು ಎಂಬುದು ಅದರಲ್ಲಿ ಇರುವುದಿಲ್ಲ. ತೌರುಮನೆಯ ವಿಳಾಸಕ್ಕೆ ಕಳುಹಿಸಿದ ಕಾಗದಗಳು ಹಲವು ಹಾಗೆಯೇ ಹಿಂದಿರುಗಿದವು. ದೂರದ ಊರಿನಲ್ಲಿ ಇಂಥವರ ಪತ್ನಿ, ಇಂಥವರ ತಾಯಿ ಎಂದು ಒಬ್ಬಾಕೆಯ ಮರಣವು ಪತ್ರಿಕೆಯಲ್ಲಿ ಅಚ್ಚಾದರೆ, ಮೂರು ವರ್ಷ ಅವಳ ಮಗ್ಗುಲಲ್ಲೇ ಕುಳಿತಿದ್ದ ಗೆಳತಿಯು ಅದನ್ನು ಓದಿಯೂ ತಿಳಿಯದೆ ಹಾಳೆಯನ್ನು ಮಗುಚಿಬಿಡುವಳು.

ಆದಕಾರಣ, ಇಪ್ಪತ್ತೇಳನೆಯ ವಯಸ್ಸಿನಲ್ಲೇ ತೀರಿಕೊಂಡು, ಗಂಡನ ಹೆಸರಿನ ಮರೆಯಲ್ಲಿ ಅಡಗಿದ್ದ ತಮ್ಮ ಹೆಸರನ್ನು ಸತ್ತ ಮೇಲೆ ಪಡೆದುಕೊಂಡ ಒಬ್ಬ ಸ್ತ್ರೀಯ ಜೀವಿತವನ್ನು ಇಲ್ಲಿ ಬರೆಯುವುದು ಉಚಿತವೆಂದು ನಮಗೆ ತೋರಿತು. ಆಕೆಯು ನಮ್ಮ ಶಾಲೆಯಲ್ಲಿ ಓದಿದವರಲ್ಲ. ಆದರೆ ದೂರದವರೂ ಅಲ್ಲ. ಹುಣಸೂರಿನಿಂದ ಮಡಿಕೇರಿಗೆ ಹೋಗುವ ಬಸ್ಸನ್ನು ಹತ್ತಿದರೆ, ಪಿರಿಯಾಪಟ್ಟಣ, ಬೈಲಕುಪ್ಪೆಗಳನ್ನು ದಾಟಿ, ಕಾವೇರಿಯ ಸೇತುವೆಯ ಆಚೆಗೆ ಕುಶಾಲನಗರವನ್ನು ಹಾದು, ಸುಂಟಿಕೊಪ್ಪದ ಏರಿನಲ್ಲಿ ಆಕೆಯು ಬಾಳಿದ ಸೀಮೆಯು ಸಿಕ್ಕುವುದು.

ಗೌರಮ್ಮನವರು ೧೯೧೨ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದರು. ತಂದೆಯವರಾದ ಎನ್. ಎಸ್. ರಾಮಯ್ಯನವರು ಅಲ್ಲಿ ವಕೀಲರಾಗಿದ್ದರು. ತಾಯಿಯು ಮಗಳ ಎಳೆತನದಲ್ಲೇ ತೀರಿಕೊಂಡರು. ಆಗ ಕೊಡಗು ಮೈಸೂರು ಸಂಸ್ಥಾನಕ್ಕೆ ಸೇರದೆ, ಬ್ರಿಟಿಷರ ಆಳ್ವಿಕೆಯಲ್ಲಿ ಚೀಫ್ ಕಮಿಷನರರ ಅಧೀನದಲ್ಲಿ ಪ್ರತ್ಯೇಕವಾಗಿತ್ತು. ಬಾಲಕಿಯು ಮಡಿಕೇರಿಯ ಕಾನ್ವೆಂಟಿನಲ್ಲಿ ಓದಿದಳು. ತಾಯಿಯಿಲ್ಲದ ಮಗುವಿಗೆ ಶಾಲೆಯೆಂಬುದು ಪಾಠ ಕಲಿಯುವ ಸ್ಥಳ ಮಾತ್ರವಾಗಿರುವುದಿಲ್ಲ ಎಂಬುದನ್ನು ಉಪಾಧ್ಯಾಯಿನಿಯರಾದ ನಾವು ಪ್ರತಿವರ್ಷವೂ ಕಾಣುತ್ತಿದ್ದೇವೆ.

೧೯೨೫ರಲ್ಲಿ, ಇನ್ನೂ ಹದಿಮೂರರ ಹುಡುಗಿಯಾಗಿದ್ದಾಗಲೇ, ಬಿ. ಟಿ. ಗೋಪಾಲಕೃಷ್ಣರೊಂದಿಗೆ ಆಕೆಯ ವಿವಾಹವಾಯಿತು. ಬಾಲ್ಯವಿವಾಹವನ್ನು ತಡೆಯುವ ಶಾರದಾ ಕಾನೂನು ಹುಟ್ಟಿದ್ದು ೧೯೨೯ರಲ್ಲಿ. ಅದೂ ಹೆಣ್ಣಿಗೆ ಹದಿನಾಲ್ಕು ತುಂಬಿದರೆ ಸಾಕೆಂದಿತು. ಇಂದಿನ ನಮ್ಮ ಎಂಟನೆಯ ತರಗತಿಯ ಮಕ್ಕಳ ಮುಖಗಳನ್ನು ನೆನೆದರೆ ಆ ವಯಸ್ಸು ಎಂಥದೆಂಬುದು ಪೋಷಕರಿಗೆ ಹೊಳೆದೀತು. ಗೋಪಾಲಕೃಷ್ಣರು ಸುಂಟಿಕೊಪ್ಪಕ್ಕೆ ಸಮೀಪದ ಗುಂಡುಗುತ್ತಿಯಲ್ಲಿ ಮಂಜುನಾಥಯ್ಯನವರ ಕಾಫಿ ತೋಟದ ಮೇಲ್ವಿಚಾರಕರಾಗಿದ್ದರು. ಗೌರಮ್ಮನವರ ಸಂಸಾರವು ಆ ತೋಟದ ನಡುವೆ ನಡೆಯಿತು.

ಮದುವೆಯೊಡನೆ ಓದು ಮುಗಿಯಿತೆಂದು ಆಕೆಯು ತಿಳಿಯಲಿಲ್ಲ. ಹಿಂದಿಯನ್ನು ಅಭ್ಯಾಸಮಾಡಿ ವಿಶಾರದ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಟೆನ್ನಿಸ್ ಆಡುತ್ತಿದ್ದರು, ಹೊಳೆಯಲ್ಲಿ ಈಜುತ್ತಿದ್ದರು. ಆ ಕಾಲದ ಗೃಹಿಣಿಯೊಬ್ಬಳಲ್ಲಿ ಇವು ಸಾಮಾನ್ಯವಾದ ಅಭ್ಯಾಸಗಳಾಗಿರಲಿಲ್ಲ.

ಹಿಡಿದ ಹಟವನ್ನು ಬಿಡದ ಸ್ವಭಾವವು ೧೯೩೪ರಲ್ಲಿ ಊರಿಗೆಲ್ಲ ತಿಳಿಯಿತು. ಆ ವರ್ಷದ ಫೆಬ್ರವರಿಯಲ್ಲಿ ಗಾಂಧಿಯವರು ಹರಿಜನ ನಿಧಿಗಾಗಿ ದೇಶವನ್ನು ಸುತ್ತುತ್ತ ಕೊಡಗಿಗೆ ಬಂದು, ಗುಂಡುಗುತ್ತಿಯಲ್ಲಿ ಮಂಜುನಾಥಯ್ಯನವರ ಮನೆಯಲ್ಲಿ ತಂಗಿದರು. ತಮ್ಮ ಮನೆಗೂ ಅವರು ಬರಬೇಕೆಂದು ಗೌರಮ್ಮನವರು ಬಯಸಿದರು. ಅವರಿಗೆ ಬಿಡುವಿಲ್ಲವೆಂಬ ಮಾತು ಬಂದಾಗ, ಅವರು ಬರುವವರೆಗೆ ಅನ್ನವನ್ನು ಮುಟ್ಟುವುದಿಲ್ಲವೆಂದು ಉಪವಾಸ ಕುಳಿತರು. ಉಪವಾಸವನ್ನೇ ಆಯುಧವಾಗಿ ಹಿಡಿದವರ ಎದುರಿಗೆ ಇಪ್ಪತ್ತೆರಡರ ಹರೆಯದ ಹೆಂಗಸೊಬ್ಬಳು ಅದೇ ಆಯುಧವನ್ನು ಹಿಡಿದದ್ದನ್ನು ನೆನೆದಾಗ ನಮಗೆ ನಗೆಯೂ ಬರುವುದು, ಗೌರವವೂ ಹುಟ್ಟುವುದು. ಗಾಂಧಿಯವರು ಬಂದರು. ಗೌರಮ್ಮನವರು ಮಂಗಳಸೂತ್ರವೇ ಮೊದಲಾದ ಮುತ್ತೈದೆತನದ ಒಂದೆರಡು ಒಡವೆಗಳನ್ನು ಉಳಿಸಿಕೊಂಡು ಮಿಕ್ಕ ಆಭರಣಗಳನ್ನೆಲ್ಲ ನಿಧಿಗೆ ಒಪ್ಪಿಸಿದರು.

ಈ ವರ್ಷಗಳಲ್ಲಿಯೇ ಆಕೆಯ ಕಥೆಗಳು ಪತ್ರಿಕೆಗಳಲ್ಲಿ ಬರತೊಡಗಿದವು. ಕಥೆಯ ಕೆಳಗೆ ಇರುತ್ತಿದ್ದ ಹೆಸರು ಗೌರಮ್ಮ ಎಂದಲ್ಲ, ಮಿಸೆಸ್ ಬಿ. ಟಿ. ಜಿ. ಕೃಷ್ಣ ಎಂದು. ಓದುಗರಿಗೆ ಇದರಿಂದ ತಿಳಿಯುತ್ತಿದ್ದುದು ಗಂಡನ ಹೆಸರು ಮಾತ್ರ. ಮಾನವಂತ ಮನೆಯ ಹೆಂಗಸಿನ ಸ್ವಂತ ಹೆಸರು ಬೀದಿಯ ಮಾತಿಗೆ ಸಿಕ್ಕಬಾರದೆಂಬ ಸಂಕೋಚವು ಅಂದು ಬಲವಾಗಿತ್ತು; ಅದಕ್ಕಾಗಿ ಆಕೆಯನ್ನಾಗಲಿ ಮನೆಯವರನ್ನಾಗಲಿ ಆಕ್ಷೇಪಿಸುವುದು ನ್ಯಾಯವಲ್ಲ. ಆದರೆ ಹೆಸರನ್ನು ಮರೆಮಾಡಿದ ಆ ಲೇಖನಿಯು ಬರೆದ ವಿಷಯಗಳಲ್ಲಿ ಸಂಕೋಚವೇನೂ ಇರಲಿಲ್ಲ. ಬಾಲವಿಧವೆಯ ಬಾಳು, ವಿಧವಾವಿವಾಹ, ಗಂಡಸಿನ ವಂಚನೆಗೆ ಈಡಾಗಿ ಸಮಾಜದಿಂದ ಹೊರಗಾದ ಹೆಣ್ಣು, ಮನಸ್ಸಿಲ್ಲದ ಮದುವೆ, ಜಾತಿಮತಗಳ ಎಲ್ಲೆಯನ್ನು ಮೀರಿದ ಪ್ರೀತಿ, ಇವೇ ಆಕೆಯ ವಸ್ತುಗಳು. ‘ಅಪರಾಧಿ ಯಾರು?’, ‘ವಾಣಿಯ ಸಮಸ್ಯೆ’ ಎಂಬ ಹೆಸರುಗಳೇ ಆಕೆಯು ಉಪದೇಶಕ್ಕೆ ಹೊರಟವರಲ್ಲ, ಪ್ರಶ್ನೆ ಕೇಳಹೊರಟವರು ಎಂಬುದನ್ನು ತೋರಿಸುವುವು. ಕೆಲವು ಕಥೆಗಳನ್ನು ಗೆಳತಿಯೊಬ್ಬಳು ಇನ್ನೊಬ್ಬಳ ವಿಷಯವನ್ನು ಹೇಳುವಂತೆ, ಇಲ್ಲವೆ ಕಾಗದದಲ್ಲಿ ಬರೆಯುವಂತೆ ಕಟ್ಟಿದ್ದಾರೆ. ಮದುವೆಯಾಗಿ ದಿಕ್ಕುದಿಕ್ಕಿಗೆ ಹಂಚಿಹೋದ ಹುಡುಗಿಯರು ಒಬ್ಬರ ಸುಖದುಃಖವನ್ನು ಒಬ್ಬರು ತಿಳಿಯುತ್ತಿದ್ದದ್ದು ಅಂದು ಹಾಗೆಯೇ ಅಲ್ಲವೆ? ಇಂಥ ಕಥೆಗಳನ್ನು ಹೆಣ್ಣುಮಕ್ಕಳ ಕೈಗೆ ಕೊಡಬಹುದೆ ಎಂದು ಯಾರಾದರೂ ಪೋಷಕರು ನಮ್ಮನ್ನು ಕೇಳಿದರೆ, ಧಾರಾಳವಾಗಿ ಕೊಡಬಹುದು, ಕೊಡುವ ಮೊದಲು ತಾವೂ ಓದಬಹುದು ಎಂದು ಹೇಳುವೆವು.

ಸಾಹಿತ್ಯದ ದೊಡ್ಡವರ ಪರಿಚಯವೂ ಆಕೆಗೆ ಆಯಿತು. ಧಾರವಾಡದ ದ. ರಾ. ಬೇಂದ್ರೆಯವರು ಆಕೆಯನ್ನು ಒಡಹುಟ್ಟಿದ ತಂಗಿಯಂತೆ ಕಂಡರು. ಬರೆಹವು ಹದಕ್ಕೆ ಬಂದು, ಹೆಚ್ಚಿನದನ್ನು ನಿರೀಕ್ಷಿಸುವ ಕಾಲವು ಒದಗಿತ್ತು.

೧೯೩೯ನೆಯ ಏಪ್ರಿಲ್ ತಿಂಗಳಲ್ಲಿ ಗೌರಮ್ಮನವರು ಎಂದಿನಂತೆ ಹೊಳೆಗೆ ಈಜಲು ಹೋದರು. ಸುಳಿಯೊಂದರಲ್ಲಿ ಸಿಕ್ಕಿಕೊಂಡು ಮುಳುಗಿ ತೀರಿಕೊಂಡರು. ಚಿಕ್ಕ ಮಗನೊಬ್ಬನು ತಾಯಿಯಿಲ್ಲದವನಾದನು. ತಾಯಿಗೆ ಬಂದ ಗತಿಯೇ ಮಗನಿಗೂ ಬಂದಂತಾಯಿತು. ಸುಂಟಿಕೊಪ್ಪದ ಸುತ್ತಣ ಹೊಳೆಗಳು ಹಾರಂಗಿಯನ್ನು ಸೇರುವುವು. ಹಾರಂಗಿಯು ಕೂಡಿಗೆಯಲ್ಲಿ ಕಾವೇರಿಯನ್ನು ಕೂಡುವುದು. ಕಾವೇರಿಯು ಪಿರಿಯಾಪಟ್ಟಣದ ಎಲ್ಲೆಯನ್ನು ಸವರಿಕೊಂಡು ಬಂದು ಕೃಷ್ಣರಾಜನಗರದ ಸೀಮೆಯಲ್ಲಿ ಚುಂಚನಕಟ್ಟೆಯ ಬಂಡೆಗಳ ಮೇಲೆ ಧುಮುಕುವುದು. ನಮ್ಮ ಮಕ್ಕಳು ವಿಹಾರಕ್ಕೆ ಹೋಗಿ ಕಾಲಿಟ್ಟು ಆಡುವ ನೀರೂ ಅದೇ.

ಅಂದಿಗೆ ಆಕೆಯ ಹೆಸರಿನಲ್ಲಿ ಒಂದು ಪುಸ್ತಕವೂ ಇರಲಿಲ್ಲ. ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ, ಗಂಡನ ಹೆಸರಿನ ಕೆಳಗೆ, ಕಥೆಗಳು ಚದರಿಬಿದ್ದಿದ್ದವು. ಹತ್ತು ವರ್ಷ ಹಾಗೆಯೇ ಬಿಟ್ಟಿದ್ದರೆ ಗೆದ್ದಲಿಗೆ ಹೋಗುತ್ತಿದ್ದವು. ಆಕೆಯನ್ನು ಬಲ್ಲವರು ಹಾಗಾಗಗೊಡಲಿಲ್ಲ. ಅದೇ ೧೯೩೯ರಲ್ಲಿ ‘ಕಂಬನಿ’ ಎಂಬ ಸಂಗ್ರಹವೂ, ೧೯೪೨ರಲ್ಲಿ ‘ಚಿಗುರು’ ಎಂಬ ಎರಡನೆಯ ಸಂಗ್ರಹವೂ ಹೊರಬಂದವು. ಬೇಂದ್ರೆಯವರು ‘ತಂಗಿ ಗೌರಮ್ಮ’ ಎಂಬ ಕವಿತೆಯನ್ನು ಬರೆದರು. ಆ ಶಿರೋನಾಮೆಯಲ್ಲಿ ಗಂಡನ ಹೆಸರಿಲ್ಲ, ತಂದೆಯ ಹೆಸರಿಲ್ಲ. ಅಕ್ಕರೆಯ ಒಂದು ಸಂಬಂಧವೂ, ಮನೆಯಲ್ಲಿ ಕರೆದ ಹೆಸರೂ ಇವೆರಡೇ ಇವೆ. ಕನ್ನಡಿಗರು ಆ ಹೆಸರಿಗೆ ಊರಿನ ಗುರುತನ್ನು ಸೇರಿಸಿ ಕೊಡಗಿನ ಗೌರಮ್ಮ ಎಂದರು. ಬದುಕಿದ್ದಾಗ ಅಚ್ಚಾದ ಹೆಸರನ್ನು ಇಂದು ಬಲ್ಲವರು ಕೆಲವರು ವಿದ್ವಾಂಸರು ಮಾತ್ರ.

ಕಾಲಕ್ರಮದಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಕೊಡಗು ಜಿಲ್ಲಾ ಘಟಕದಲ್ಲಿ ಆಕೆಯ ಹೆಸರಿನ ದತ್ತಿಯೊಂದು ಏರ್ಪಟ್ಟು, ಜಿಲ್ಲೆಯ ಲೇಖಕಿಯರಿಗೆ ಪ್ರಶಸ್ತಿ ಸಲ್ಲುತ್ತ ಬಂದಿದೆ. ೨೦೨೩ರಲ್ಲಿ ಮಡಿಕೇರಿಯವರೇ ಆದ ದೀಪಾ ಭಸ್ತಿಯವರು ಆಕೆಯ ಕಥೆಗಳನ್ನು ಇಂಗ್ಲಿಷಿಗೆ ತಂದರು. ಇದೇ ದೀಪಾ ಭಸ್ತಿಯವರು ಹಾಸನದ ಬಾನು ಮುಷ್ತಾಕರ ಕಥೆಗಳನ್ನು ಅನುವಾದಿಸಿ ೨೦೨೫ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಹುಮಾನವನ್ನು ಲೇಖಕಿಯೊಡನೆ ಹಂಚಿಕೊಂಡರೆಂಬುದನ್ನು ಎಲ್ಲರೂ ಬಲ್ಲರು. ಗುಂಡುಗುತ್ತಿಯ ತೋಟದ ಮನೆಯಲ್ಲಿ ಬರೆದವರೊಬ್ಬರ ಮಾತು ತೊಂಬತ್ತು ವರ್ಷಗಳ ತರುವಾಯ ಅದೇ ಊರುಕಡೆಯ ಇನ್ನೊಬ್ಬ ಹೆಣ್ಣುಮಗಳ ಕೈಯಿಂದ ಹೊರಗಿನವರನ್ನು ಮುಟ್ಟಿತು.

ಮೂವತ್ತನಾಲ್ಕರಲ್ಲಿ ತೀರಿಕೊಂಡ ತ್ರಿವೇಣಿಯವರನ್ನು ಬಿಟ್ಟು ಇವರನ್ನೇಕೆ ಆರಿಸಿದಿರಿ ಎಂದು ನಮ್ಮ ಸಹೋದ್ಯೋಗಿಗಳು ಕೇಳಿದರು. ಅನಸೂಯಾ ಶಂಕರರು ತಾವೇ ಆರಿಸಿಕೊಂಡ ತ್ರಿವೇಣಿ ಎಂಬ ಹೆಸರಿನಲ್ಲಿ ಸುಮಾರು ಇಪ್ಪತ್ತು ಕಾದಂಬರಿಗಳನ್ನು ಬರೆದು, ೧೯೬೩ರಲ್ಲಿ ಕಣ್ಮುಚ್ಚುವ ಹೊತ್ತಿಗೆ ಮನೆಮಾತಾಗಿದ್ದರು. ಅವರ ಹೆಸರನ್ನು ಹುಡುಕುವ ಕೆಲಸವು ಯಾರಿಗೂ ಬೀಳಲಿಲ್ಲ. ಗೌರಮ್ಮನವರ ವಿಷಯದಲ್ಲಿ ಆ ಕೆಲಸವನ್ನು ಉಳಿದವರು ಮಾಡಬೇಕಾಯಿತು. ನಮ್ಮ ಮುಂದೆ ಇರುವುದೂ ಅಂಥದೇ ಕೆಲಸ, ಅಳತೆಯಲ್ಲಿ ಚಿಕ್ಕದು.

ಈ ಲೇಖನದ ಮಗ್ಗುಲ ಪುಟವನ್ನು ಬರಿದಾಗಿ ಬಿಡಲಾಗಿದೆ. ತಮ್ಮ ತರಗತಿಯಲ್ಲಿ ಅಗಲಿದವರು ಯಾರಾದರೂ ಇದ್ದರೆ, ಹಾಜರಿಯಲ್ಲಿ ಕೂಗುತ್ತಿದ್ದ ಹೆಸರು, ತೌರೂರು, ಓದಿದ ವರ್ಷ, ಮದುವೆಯ ತರುವಾಯದ ಹೆಸರು ಮತ್ತು ಊರು, ತೀರಿಕೊಂಡ ವರ್ಷ, ಇವುಗಳಲ್ಲಿ ಗೊತ್ತಿದ್ದಷ್ಟನ್ನು ಅದರಲ್ಲಿ ಬರೆದು, ಹಾಳೆಯನ್ನು ಹರಿದು ಸಮ್ಮಿಲನದ ದಿನದೊಳಗೆ ಕಚೇರಿಗೆ ತಲುಪಿಸಬೇಕಾಗಿ ಅರಿಕೆ. ಅಕ್ಕತಂಗಿಯರೂ, ಹೆಣ್ಣುಮಕ್ಕಳೂ ಬರೆದುಕೊಡಬಹುದು. ಎಲ್ಲವೂ ತಿಳಿದಿರಬೇಕೆಂಬ ನಿರ್ಬಂಧವಿಲ್ಲ. ಹೆಸರೊಂದೇ ನೆನಪಿದ್ದರೂ ಸಾಕು, ಮಿಕ್ಕದ್ದನ್ನು ಹಳೆಯ ಪುಸ್ತಕಗಳಲ್ಲಿ ನಾವು ಹುಡುಕುವೆವು. ಆ ದಿನ ಮೊದಲು ಶಾಲೆಯಲ್ಲಿದ್ದ ಹೆಸರನ್ನೂ, ತರುವಾಯ ಮನೆತನದ ಹೆಸರನ್ನೂ ಕೂಗಲಾಗುವುದು.