ಡಿಗ್ರಿ ಕಾಲೇಜಿನ ಮೇಷ್ಟ್ರು ಉಪಾಧ್ಯೆ

ನಮ್ಮೂರು ಹಾಸನದ ಹತ್ತಿರದ ಮೊಸಳೆ. ನಮ್ಮ ತಾತ 1967ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಹೋಗಿ ಬಂದಿದ್ದರು. ಊಟದ ಸಾಲು, ಬೆಟ್ಟ ಹತ್ತಿದ್ದು, ಬಸ್ಸು ತಪ್ಪಿ ಚನ್ನರಾಯಪಟ್ಟಣದಲ್ಲಿ ರಾತ್ರಿ ಕಳೆದದ್ದು ಎಲ್ಲ ಅವರಿಗೆ ನೆನಪಿತ್ತು. ಅಧ್ಯಕ್ಷರು ಯಾರು ಅಂತ ಕೇಳಿದರೆ ಮಾತ್ರ ಯಾರೋ ಕೊಲ್ಹಾಪುರದ ಕಾಲೇಜು ಮೇಷ್ಟ್ರು ಎನ್ನುತ್ತಿದ್ದರು. ಆ ಮೇಷ್ಟ್ರ ಹೆಸರು ನನಗೆ ಗೊತ್ತಾಗಿದ್ದು ಎಂ.ಎ. ಮುಗಿಸಿ ಕೆ-ಸೆಟ್ ಪರೀಕ್ಷೆಗೆ ಸಮ್ಮೇಳನಾಧ್ಯಕ್ಷರ ಪಟ್ಟಿ ಉರು ಹೊಡೆಯುವಾಗ. ಆದಿನಾಥ ನೇಮಿನಾಥ ಉಪಾಧ್ಯೆ. ಒಂದು ಅಂಕದ ಪ್ರಶ್ನೆ ಅಷ್ಟೆ ಎಂದುಕೊಂಡು ಪುಟ ತಿರುಗಿಸಿಬಿಟ್ಟಿದ್ದೆ.

ಮತ್ತೆ ಅವರನ್ನು ಹುಡುಕುವಂತೆ ಮಾಡಿದ್ದು ನನ್ನದೇ ಸಂಕಟ. ಪಿಎಚ್.ಡಿ. ಮಾಡಬೇಕೆಂಬ ಆಸೆ. ಆದರೆ ನಾನು ಓದಿದ ಕಾಲೇಜಿನ ಲೈಬ್ರರಿಯಲ್ಲಿ ಗೈಡುಗಳೇ ಜಾಸ್ತಿ. ಸಂಶೋಧನೆ ಏನಿದ್ದರೂ ದೊಡ್ಡ ಯೂನಿವರ್ಸಿಟಿಯವರಿಗೆ, ನಮ್ಮಂಥ ಕಡೆ ಪಾಸಾದರೆ ಸಾಕು ಎಂಬುದು ಅಲ್ಲಿ ಎಲ್ಲರೂ ಒಪ್ಪಿಕೊಂಡಿದ್ದ ಮಾತು. ನಾನೂ ಒಪ್ಪಿಕೊಂಡಿದ್ದೆ.

ಉಪಾಧ್ಯೆಯವರು ಹುಟ್ಟಿದ್ದು 1906ರ ಫೆಬ್ರವರಿ 6ರಂದು, ಬೆಳಗಾವಿ ಜಿಲ್ಲೆ ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ. (ಮುಂದೆ ದೇಶಕ್ಕೆಲ್ಲ ಹೆಸರಾದ ಆಚಾರ್ಯ ವಿದ್ಯಾಸಾಗರ ಮುನಿಗಳ ಊರೂ ಅದೇ.) ಆ ಕಡೆಯ ಜೈನರು ಹೆಚ್ಚಿನವರು ವ್ಯಾಪಾರಿಗಳಲ್ಲ, ಹೊಲ ಉಳುವವರು. ಉಪಾಧ್ಯೆ ಎಂಬುದು ಬಸದಿಯ ಪುರೋಹಿತ ಮನೆತನದ ಹೆಸರು. ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂಬ ಮಾನ್ಯತೆ ಸಿಕ್ಕಿದ್ದು 2014ರಲ್ಲಿ. ಆದರೆ ಸಣ್ಣ ಸಮುದಾಯವಾಗಿ ಅವರು ಅದಕ್ಕೂ ಎಷ್ಟೋ ಮೊದಲೇ ತಮ್ಮ ಮಕ್ಕಳ ಓದಿನ ಬಗ್ಗೆ ಯೋಚಿಸಬೇಕಾಗಿತ್ತು. ಪಕ್ಕದ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ಮರಾಠ, ಜೈನ, ಲಿಂಗಾಯತ, ಮುಸ್ಲಿಂ ಹುಡುಗರಿಗೆಲ್ಲ ಹಾಸ್ಟೆಲ್‌ಗಳು ಏಳುವಂತೆ ಮಾಡಿದ್ದರು. ಹಳ್ಳಿ ಹುಡುಗರು ಅಲ್ಲಿ ಉಳಿದುಕೊಂಡು ಓದುತ್ತಿದ್ದರು.

1930ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಎಂ.ಎ. ಪಡೆದ ಉಪಾಧ್ಯೆ ಅದೇ ವರ್ಷ ಕೊಲ್ಹಾಪುರದ ರಾಜಾರಾಮ್ ಕಾಲೇಜಿಗೆ ಅರ್ಧಮಾಗಧಿ ಕಲಿಸಲು ಸೇರಿದರು. ಜೈನ ಆಗಮಗಳ ಪ್ರಾಕೃತ ಅದು. ಅದನ್ನು ಓದಿದರೆ ಕೆಲಸ ಎಲ್ಲಿ ಸಿಗುತ್ತದೆ ಅಂತ ಇವತ್ತು ನಮ್ಮ ಮನೆಯಲ್ಲಿ ಕೇಳುವ ಪ್ರಶ್ನೆಯನ್ನು ಆಗಿನ ಅಪ್ಪಂದಿರೂ ಕೇಳಿರಬೇಕು. ಅವರು ಆ ಕಾಲೇಜಿನಲ್ಲೇ 32 ವರ್ಷ ಇದ್ದು 1962ರಲ್ಲಿ ನಿವೃತ್ತರಾದರು. ನಡುವೆ 1956ರಲ್ಲಿ ರಾಜ್ಯಗಳ ಗಡಿ ಬದಲಾಗಿ ಹುಟ್ಟೂರು ಮೈಸೂರು ರಾಜ್ಯಕ್ಕೆ ಬಂತು, ಕೆಲಸದ ಊರು ಮುಂಬಯಿ ರಾಜ್ಯದಲ್ಲೇ ಉಳಿಯಿತು.

ಆ ಕೆಲಸದಲ್ಲಿ ಇದ್ದುಕೊಂಡೇ ಅವರು ಮಾಡಿದ್ದು ನೋಡಿ. ಸೇರಿದ ಐದು ವರ್ಷಕ್ಕೆ, 29ನೇ ವಯಸ್ಸಿಗೆ, ಕುಂದಕುಂದಾಚಾರ್ಯರ ಪ್ರವಚನಸಾರವನ್ನು ಸಂಪಾದಿಸಿದರು. ಅದಕ್ಕೆ ಬರೆದ ಇಂಗ್ಲಿಷ್ ಪ್ರಸ್ತಾವನೆಯೇ ನೂರು ಪುಟ ದಾಟುತ್ತದೆ. 1939ರಲ್ಲಿ ಡಿ.ಲಿಟ್. 1943ರಲ್ಲಿ ಹರಿಷೇಣನ ಬೃಹತ್ಕಥಾಕೋಶ. ಅದೇ ವರ್ಷ ಹೀರಾಲಾಲ್ ಜೈನರ ಜೊತೆ ತಿಲೋಯಪಣ್ಣತ್ತಿಯ ಮೊದಲ ಭಾಗ. ಹಳೆಯ ಗ್ರಂಥ ಸಂಪಾದಿಸುವುದೆಂದರೆ ಮರುಮುದ್ರಣವಲ್ಲ. ಯಾವ ಮಠ, ಯಾವ ಭಂಡಾರದಲ್ಲಿ ಓಲೆಪ್ರತಿ ಇದೆಯೆಂದು ಪತ್ತೆ ಮಾಡಬೇಕು. ಇಟ್ಟುಕೊಂಡವರ ಮನ ಒಲಿಸಬೇಕು. ನಾಲ್ಕು ಪ್ರತಿ ಸಿಕ್ಕರೆ ನಾಲ್ಕನ್ನೂ ಸಾಲು ಸಾಲಾಗಿ ಹೋಲಿಸಿ, ಯಾವುದು ಲಿಪಿಕಾರನ ತಪ್ಪು, ಯಾವುದು ಕವಿಯ ಮಾತು ಎಂದು ತೀರ್ಮಾನಿಸಿ, ಬಿಟ್ಟ ಪಾಠಗಳನ್ನೂ ಅಡಿಟಿಪ್ಪಣಿಯಲ್ಲಿ ಕೊಡಬೇಕು. ಇಷ್ಟೆಲ್ಲ ಕ್ಲಾಸು, ಪೇಪರು ತಿದ್ದುವುದರ ನಡುವೆ.

ಬೃಹತ್ಕಥಾಕೋಶದ ಪ್ರಸ್ತಾವನೆ ಕನ್ನಡ ಎಂ.ಎ. ಮಾಡಿದವರಿಗೆಲ್ಲ ಬೇಕಾದದ್ದು. ಸುಕುಮಾರಸ್ವಾಮಿಯ ಕಥೆಯನ್ನು ನಾವೆಲ್ಲ ವಡ್ಡಾರಾಧನೆಯ ಪಠ್ಯವಾಗಿ ಓದಿದ್ದೇವೆ. ಆದರೆ ಆ 19 ಕಥೆಗಳು ಎಲ್ಲಿಂದ ಬಂದವು? ಉಪಾಧ್ಯೆಯವರು ಪ್ರಾಕೃತದ ಭಗವತಿ ಆರಾಧನೆಯ ಗಾಹೆಗಳನ್ನು, ಹರಿಷೇಣನ 157 ಸಂಸ್ಕೃತ ಕಥೆಗಳನ್ನು, ನಮ್ಮ ಕನ್ನಡ ಗದ್ಯವನ್ನು ಪಕ್ಕಪಕ್ಕ ಇಟ್ಟು ಆ ಬಳಗವನ್ನು ತೋರಿಸಿದರು. ಡಿ.ಎಲ್. ನರಸಿಂಹಾಚಾರ್ಯರ ವಡ್ಡಾರಾಧನೆ ಪುಸ್ತಕವಾಗಿ ಬಂದದ್ದು 1949ರಲ್ಲಿ, ಅಂದರೆ ಇದಾದ ಆರು ವರ್ಷಕ್ಕೆ. ಕನ್ನಡದ ಕಥೆಯೊಂದನ್ನು ಅರಿಯಲು ಪಕ್ಕದ ಎರಡು ಭಾಷೆಗಳ ಬಾಗಿಲು ತಟ್ಟಬೇಕೆಂದು ನನಗೆ ಕ್ಲಾಸಿನಲ್ಲಿ ಯಾರೂ ಹೇಳಿರಲಿಲ್ಲ.

ಒಬ್ಬರೇ ಕೂತು ಮಾಡಿದ ಕೆಲಸ ಇದಾಗಿದ್ದರೆ ನನಗೆ ಗೌರವ ಮಾತ್ರ ಬರುತ್ತಿತ್ತು, ಧೈರ್ಯ ಬರುತ್ತಿರಲಿಲ್ಲ. ಅವರ ಸುತ್ತ ಒಂದು ಜಾಲವಿತ್ತು. ಅಮರಾವತಿಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಹೀರಾಲಾಲ್ ಜೈನ್, ಮುಂಬಯಿಯಲ್ಲಿ ಪುಸ್ತಕ ಪ್ರಕಟಿಸುತ್ತಿದ್ದ ನಾಥೂರಾಮ್ ಪ್ರೇಮಿ, ಸಿಂಘಿ ಗ್ರಂಥಮಾಲೆಯ ಜಿನವಿಜಯ ಮುನಿ. ಮೂಡಬಿದಿರೆಯ ಧವಲಾ ಗ್ರಂಥಗಳ ಕಥೆ ನಿಮಗೆ ಗೊತ್ತಿರಬಹುದು. ಹಳಗನ್ನಡ ಲಿಪಿಯ ಆ ತಾಳೆಗರಿಗಳು ಶತಮಾನಗಳ ಕಾಲ ಪೂಜೆಗೆ, ದರ್ಶನಕ್ಕೆ ಮಾತ್ರ ಇದ್ದವು. ಹೀರಾಲಾಲರು 1939ರಿಂದ 1958ರವರೆಗೆ 16 ಸಂಪುಟಗಳಲ್ಲಿ ಅವನ್ನು ಅಚ್ಚು ಮಾಡಿಸಿದಾಗ ಉಪಾಧ್ಯೆ ಜೊತೆಗಿದ್ದರು. ದುಡ್ಡು ಬಂದದ್ದು ಹೆಚ್ಚಾಗಿ ಸಮುದಾಯದ ದಾನಿಗಳಿಂದ. ಸೊಲ್ಲಾಪುರದ ಜೀವರಾಜ ಗ್ರಂಥಮಾಲೆ ಹಾಗೆ ಹುಟ್ಟಿತು. ನಾವು ಪ್ರಶಸ್ತಿಯ ಹೆಸರಲ್ಲಿ ಮಾತ್ರ ಬಲ್ಲ ಭಾರತೀಯ ಜ್ಞಾನಪೀಠ 1944ರಲ್ಲಿ ಶುರುವಾದದ್ದೂ ಮುಖ್ಯವಾಗಿ ಇಂಥ ಹಳೆಯ ಗ್ರಂಥಗಳನ್ನು ಹೊರತರಲು. ಅದರ ಮೂರ್ತಿದೇವಿ ಮಾಲೆಗೆ ಹೀರಾಲಾಲ್ ಮತ್ತು ಉಪಾಧ್ಯೆ ಪ್ರಧಾನ ಸಂಪಾದಕರು. ಬೇರೆಯವರು ಸಂಪಾದಿಸಿದ ಪುಸ್ತಕ ತಿದ್ದಿ ದಾರಿಗೆ ತರುವುದರಲ್ಲೇ ಅವರ ಎಷ್ಟು ಸಂಜೆಗಳು ಕಳೆದವೋ. ಈ ಕೆಲಸಕ್ಕೆ ಡಿ.ಲಿಟ್. ಕೊಡುವವರಿಲ್ಲ.

ಅವರ ಎಲ್ಲ ಕೆಲಸದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಕುವಲಯಮಾಲೆ. ಕ್ರಿ.ಶ. 779ರ ಈ ಪ್ರಾಕೃತ ಕಥೆಯಲ್ಲಿ ಒಂದು ಸಂತೆ ಬರುತ್ತದೆ. ನಾನಾ ದೇಶದ ವರ್ತಕರು ತಮ್ಮ ತಮ್ಮ ಮಾತಿನಲ್ಲಿ ಕೂಗುತ್ತಾರೆ, ಅದರಲ್ಲಿ ಕರ್ನಾಟಕದವನೂ ಇದ್ದಾನೆ! ಮೊದಲ ಭಾಗ 1959ರಲ್ಲಿ, ಎರಡನೆಯದು 1970ರಲ್ಲಿ. ಹನ್ನೊಂದು ವರ್ಷದ ಅಂತರ. ನಾನು ಕೆ-ಸೆಟ್‌ಗೆ ಎರಡು ವರ್ಷ ಕೊಟ್ಟು ಸುಸ್ತಾಗಿದ್ದೇನೆ.

ಸಮ್ಮೇಳನ ಮುಗಿದ ನಾಲ್ಕು ವರ್ಷಕ್ಕೆ, 1971ರಲ್ಲಿ, ಮೈಸೂರು ವಿಶ್ವವಿದ್ಯಾಲಯ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗ ತೆರೆದು ಅವರನ್ನು ಕರೆಸಿಕೊಂಡಿತು. ಆಗ ಅವರಿಗೆ 65. ಹೊಸ ವಿಭಾಗ ಅಂದರೆ ಪಠ್ಯಕ್ರಮದಿಂದ ಹಿಡಿದು ಪುಸ್ತಕದ ಕಪಾಟಿನವರೆಗೆ ಎಲ್ಲ ಮೊದಲಿಂದ. ಅಷ್ಟು ವರ್ಷ ಸ್ವಂತ ಮೇಜಿನ ಮೇಲಿದ್ದ ವಿದ್ಯೆಗೆ ಕೊನೆಗೂ ಒಂದು ಕೋಣೆ, ಒಂದು ಬೋರ್ಡು ಸಿಕ್ಕಿತ್ತು. ಅಲ್ಲಿ ಅವರಿಗೆ ಸಿಕ್ಕಿದ್ದು ನಾಲ್ಕೇ ವರ್ಷ. 1975ರ ಅಕ್ಟೋಬರ್ 8ರಂದು ತೀರಿಕೊಂಡರು.

ಅವರ ಪುಸ್ತಕಗಳು ಓದಲು ಸುಲಭವಲ್ಲ, ಸುಳ್ಳು ಹೇಳುವುದಿಲ್ಲ. ಬೃಹತ್ಕಥಾಕೋಶದ ಪ್ರಸ್ತಾವನೆಯ ಮೊದಲ ಹತ್ತು ಪುಟಕ್ಕೆ ನನಗೆ ಒಂದು ವಾರ ಹಿಡಿಯಿತು. ಶ್ರವಣಬೆಳಗೊಳದಲ್ಲೇ ಈಗ ಪ್ರಾಕೃತ ಸಂಶೋಧನಾ ಸಂಸ್ಥೆಯಿದೆ, ಧವಲಾ ಗ್ರಂಥಗಳು ಅಲ್ಲಿಂದ ಕನ್ನಡಕ್ಕೆ ಬರುತ್ತಿವೆ. ಮುಂದಿನ ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಅಲ್ಲಿಗೆ ಹೊರಟಿದ್ದೇನೆ. ವಡ್ಡಾರಾಧನೆಯ ಒಂದೇ ಒಂದು ಕಥೆಯ ಬಗ್ಗೆ ಕೇಳಬೇಕಾದ ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ.